ಕತ್ತರಿ ಬೀಳದ ಚಿಗುರು

ಅಂಗಡಿಯ ಮೇಲಿನ ಮನೆ
ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ಹಳೇ ಚಾಳಿಯಂತೆ ನಿಂತುಕೊಂಡೇ ನಾಲ್ಕು ತುತ್ತು ನುಂಗಿ ಓಡುತ್ತೀಯಾ? ಆ ಶೀತಲ ಗೋದಾಮಿನ ಕೆಲಸಕ್ಕೆ ಹೋಗುವಾಗ ಕಿವಿ ಮುಚ್ಚುವ ಟೋಪಿ ಹಾಕಿಕೋ, ಚಿಕ್ಕಂದಿನಲ್ಲಿ ಕಿವಿನೋವೆಂದು ಮನೆಯನ್ನೇ ತಲೆಯ ಮೇಲೆ ಹೊತ್ತವನು ನೀನು. ನಾನು ಚೆನ್ನಾಗಿದ್ದೇನೆ. ಹೋಟೆಲಿನ ಲಾಂಡ್ರಿಯಲ್ಲಿ ಯಾರ್ಯಾರದೋ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ, ಮನೆಗೆ ಬಂದರೆ ನನ್ನ ಹಾಸಿಗೆ ಕೊಡವುವುದಕ್ಕೂ ಬೇಸರ. ನಿನ್ನ ಕಾಗದ ಬಂತು. ಅಷ್ಟು ದಿನಗಳ ಮೇಲೆ ಬರೆದದ್ದು, ಅದೂ ಜಿಪುಣನ ಹಾಗೆ ನಾಲ್ಕು ಸಾಲು. ‘ನನ್ನ ಗಿಡ ಬದುಕಿದೆಯಾ ಅಕ್ಕಾ?’ ಎಂದು ಕೇಳಿದ್ದೀಯ. ಗಿಡದ ಆರೋಗ್ಯ ಕೇಳಿದೆ, ಅಪ್ಪನದು ಕೇಳಲಿಲ್ಲ. ಓದಿ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಇರಲಿ, ಇಬ್ಬರದೂ ಹೇಳುತ್ತೇನೆ. ಒಬ್ಬರದನ್ನು ಬಿಟ್ಟು ಇನ್ನೊಬ್ಬರದನ್ನು ಹೇಳುವ ಹಾಗೂ ಇಲ್ಲ.

ನಿನ್ನ ಬೋನ್ಸಾಯ್ ಗಿಡ ಕೆಳಗೆ ನಮ್ಮ ಕ್ಷೌರದಂಗಡಿಯ ಕನ್ನಡಿಯ ಮುಂದೆ ಇದ್ದಾಗ ಅಪ್ಪ ಎಷ್ಟು ಆಡಿಕೊಳ್ಳುತ್ತಿದ್ದರು, ನೆನಪಿದೆಯಾ? ‘ನನ್ನ ಮಗ ಗಿಡಕ್ಕೂ ಕಟಿಂಗ್ ಮಾಡ್ತಾನ್ರೀ, ಇನ್ನೇನು ಅದಕ್ಕೆ ಮೀಸೆ ಬರೋದೊಂದು ಬಾಕಿ’ ಎಂದು ಕುರ್ಚಿಯಲ್ಲಿ ಕೂತವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಆಮೇಲೆ ಆ ದಿನ ಬಂತು. ‘ಕಂಡೋರ ಕಿವಿ ಬಗ್ಗಿಸ್ಕೊಂಡು ನಾನು ಜೀವನ ಮಾಡಲ್ಲ’ ಎಂದು ನೀನು ಕೂಗಿದೆ, ‘ಬಾಗಿಲು ತೆಗೆದೇ ಇದೆ’ ಎಂದು ಅವರು ಕೂಗಿದರು. ನೀನು ಹೋದ ಮಾರನೆಯ ಬೆಳಿಗ್ಗೆ ಅಪ್ಪ ಮೊದಲ ಗಿರಾಕಿಗೂ ಮುಂಚೆ ಗಿಡದ ಮುಂದೆ ನಿಂತಿದ್ದರು, ಕೈಯಲ್ಲಿ ಸಣ್ಣ ಕತ್ತರಿ. ಒಂದು ಕೊಂಬೆಯಲ್ಲಿ ಚಿಗುರು ಇಣುಕಿತ್ತು, ಚಕ್ಕನೆ ತೆಗೆದರು. ‘ಅವನು ಬರೋ ಹೊತ್ತಿಗೆ ಹೆಂಗೆ ಬಿಟ್ಟುಹೋಗಿದ್ನೋ ಹಂಗೇ ಇರ್ಬೇಕು’ ಎಂದರು. ನಿನ್ನ ವಿಷಯ ಅವರ ಬಾಯಲ್ಲಿ ಬಂದದ್ದು ಅದೇ ಮೊದಲು, ಅದೇ ಕೊನೆ. ನಾನು ಪೆದ್ದಿ, ಕೋಪ ಇಳಿಯಿತು ಎಂದು ಖುಷಿಪಟ್ಟೆ.

ಅಲ್ಲಿಂದ ದಿನವೂ ಅದೇ. ಕ್ಷೌರದವರ ಕಣ್ಣು ನಿನಗೆ ಗೊತ್ತಲ್ಲ, ಒಂದು ಕೂದಲು ಹೊರಗೆ ಚಾಚಿದರೂ ತಡೆಯದು. ಗಿಡ ಸೊರಗಿದಷ್ಟೂ ಇನ್ನಷ್ಟು ಕತ್ತರಿಸಿದರು. ಕತ್ತರಿಸಿದರೆ ದಟ್ಟವಾಗಿ ಬರುತ್ತದೆ ಎಂಬುದು ಅವರ ಜೀವಮಾನದ ನಂಬಿಕೆ. ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ಎಡಗಡೆಯ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿದೆ, ಒಳಗೆ ಹಸಿರೇ ಇಲ್ಲ. ಸಸಿ ಮಾರುವ ಹೆಂಗಸನ್ನು ಕರೆದುಕೊಂಡು ಬಂದೆ. ‘ರೋಗ ಗೀಗ ಏನಿಲ್ಲ, ಇದು ಉಪವಾಸ ಬಿದ್ದಿದೆ. ಎಲೆನೇ ಅದರ ಬಾಯಿ ಕಣಮ್ಮ, ಬಾಯೇ ಕಿತ್ತಾಕಿದ್ರೆ ತಿನ್ನೋದೆಲ್ಲಿಂದ?’ ಎಂದಳು. ಕಿಟಕಿಗೆ ಇಡು, ಕತ್ತರಿ ಮುಟ್ಟಿಸಬೇಡ ಎಂದು ಹೇಳಿ ಹೋದಳು. ಕಿಟಕಿಗೆ ಇಟ್ಟೆ, ಅಪ್ಪ ಕನ್ನಡಿಯ ಮುಂದಕ್ಕೇ ತಂದಿಟ್ಟರು, ನೀನು ಇಟ್ಟಿದ್ದ ಜಾಗ ಅದಲ್ಲವೇ. ಕತ್ತರಿಯನ್ನು ಬಟ್ಟೆ ಗಂಟಿನಲ್ಲಿ ಬಚ್ಚಿಟ್ಟೆ, ಉಗುರಿನಿಂದ ಚಿವುಟಿದರು. ನಾನು ಬೇಡಿದೆ, ಬೈದೆ, ಅತ್ತೆ. ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ ಕತ್ತರಿಯನ್ನೂ ವಾಪಸ್ಸು ಕೊಟ್ಟುಬಿಟ್ಟೆ.

ಈಗ ಅಪ್ಪನ ವಿಷಯ. ಹೊಟ್ಟೆಯಲ್ಲಿ ಗಡ್ಡೆ. ಅಂಗಡಿ ಮುಚ್ಚಿದೆ, ಕುರ್ಚಿಗೆ ಹಳೇ ಬೆಡ್‌ಶೀಟ್ ಹೊದಿಸಿದ್ದೇನೆ, ಕನ್ನಡಿಯನ್ನೂ ಗಿಡವನ್ನೂ ಮೇಲಕ್ಕೆ ಅವರ ಕೋಣೆಗೆ ಸಾಗಿಸಿದ್ದೇನೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ‘ಮನೇಲೇ ಇಟ್ಕೊಂಡು ನೋಡ್ಕೊಳ್ಳಿ, ಏನು ಇಷ್ಟಪಡ್ತಾರೋ ಅದು ಕೊಡಿ’ ಎಂದರು. ಇದರ ಅರ್ಥ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ಇಷ್ಟಪಡುವುದನ್ನು ನಾನು ಎಲ್ಲಿಂದ ತಂದು ಕೊಡಲಿ? ಇಷ್ಟರಲ್ಲೂ ಬೆಳಿಗ್ಗೆ ಎದ್ದು ನಡುಗುವ ಕೈಯಲ್ಲಿ ತಾವೇ ಗಡ್ಡ ಹೆರೆದುಕೊಳ್ಳುತ್ತಾರೆ, ‘ಯಾರಾದ್ರೂ ಬಂದ್ರೆ?’ ಎನ್ನುತ್ತಾರೆ, ಗಲ್ಲದ ತುಂಬ ಗಾಯ. ಅದಾದ ಮೇಲೆ ಗಿಡಕ್ಕೆ ಕತ್ತರಿ. ತಮ್ಮಾ, ಆ ಗಿಡ ಅವರ ಕಣ್ಣೆದುರು ಒಣಗಿಹೋದರೆ ಅಪ್ಪ ಅದನ್ನು ತಾಳುವುದಿಲ್ಲ. ನನಗೆ ಇರುವ ಭಯ ಅದೊಂದೇ. ನೀನು ಬಾ ಎಂದು ನಾನು ಕೇಳುತ್ತಿಲ್ಲ, ಅಪ್ಪನಿಗೆ ತಕ್ಕ ಮಗ, ಇಬ್ಬರೂ ಬಗ್ಗುವವರಲ್ಲ. ಅವರ ಹೆಸರಿಗೆ ಒಂದೇ ಒಂದು ಸಾಲು ಬರೆ: ಗಿಡಕ್ಕೆ ಕತ್ತರಿ ಹಾಕಬೇಡ, ಬೆಳೆಯಲು ಬಿಡು. ಕ್ಷಮೆ ಬೇಡ, ಸಮಾಧಾನ ಬೇಡ. ಅಷ್ಟು ಬರೆದರೂ ಸಾಕು, ನೀನು ಹೇಳಿದರೆ ಕೇಳುತ್ತಾರೆ.

ಮೈಮೇಲೆ ನಿಗಾ ಇರಲಿ. ಎಲ್ಲಿದ್ದರೂ ತಣ್ಣಗಿರು, ಹೊಟ್ಟೆ ತುಂಬ ಉಣ್ಣು.

ನಿನಗೆ ಬೈಯುವುದಕ್ಕೆಂದೇ ಹುಟ್ಟಿದ
ಅಕ್ಕ

ತಾ.ಕ.: ಕಾಗದ ಅಂಚೆಗೆ ಹಾಕಲಾಗದೆ ಕೈಚೀಲದಲ್ಲೇ ಉಳಿದಿತ್ತು, ಇವತ್ತು ಶುಕ್ರವಾರ. ಲಾಂಡ್ರಿಗೆ ಹೊರಟವಳು ನೋಡುತ್ತೇನೆ, ಗಿಡದ ತುದಿಯಲ್ಲಿ ಚಿಗುರು! ಒಂದಲ್ಲ, ಮೂರ್ನಾಲ್ಕು. ಒಂದಂತೂ ವಕ್ರವಾಗಿ ಕನ್ನಡಿಗೆ ತಾಗುವಷ್ಟು ಚಾಚಿದೆ. ಕತ್ತರಿ ಪಕ್ಕದಲ್ಲೇ ಇದೆ, ಯಾರೂ ಮುಟ್ಟಿಲ್ಲ. ನನ್ನ ಮಾತು ಕೊನೆಗೂ ಕೇಳಿದರಲ್ಲ ಎಂದು ಕುಣಿದುಕೊಂಡು ಅಪ್ಪನನ್ನು ಎಬ್ಬಿಸಲು ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು. ಗಡ್ಡ ಹಾಗೇ ಬೆಳೆದಿದೆ, ಎಷ್ಟು ದಿನದಿಂದಲೋ, ದಣಿದು ಬರುವ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ‘ಬಿಡಮ್ಮ, ಹೆಂಗಾದ್ರೂ ಬೆಳ್ಕೊಳ್ಳಿ. ಇನ್ನು ಯಾರು ನೋಡ್ಬೇಕು?’ ಎಂದರು. ತಿರುಗಲೂ ಇಲ್ಲ. ಮೇಲೆ ಬರೆದದ್ದನ್ನು ಹೊಡೆದುಹಾಕು. ಆ ಸಾಲು ಬರೆಯಬೇಡ, ನೀನೇ ಬಾ, ಇದು ಕೈಗೆ ಸಿಕ್ಕ ತಕ್ಷಣ ಹೊರಡು. ಬಂದು, ನನ್ನ ಗಿಡ ಕೆದರಿಹೋಗಿದೆ ಎಂದು ಅವರ ಎದುರು ನಿಂತು ಜಗಳ ತೆಗೆ, ಕತ್ತರಿಯನ್ನು ಅವರ ಕೈಗೇ ಕೊಡು. ಗಿಡ ಸತ್ತರೆ ಸಾಯಲಿ.