ಭಾರದ ತೋಟಾ

ಅಕ್ಕಾ,
ಮಿಷಿಗನ್ನಿನ ಈ ಕಾಡೂರಿನಲ್ಲಿ ಹಿಮ ಮೊಣಕಾಲುದ್ದ ಬಿದ್ದಿದೆ. ಆಪರೇಷನ್ ಆದ ಭುಜ ರೈಫಲ್ಲಿನ ಒದೆತ ತಾಳದೆಂದು, ದುರ್ಬೀನು ಕೂರಿಸಿದ ರಿವಾಲ್ವರನ್ನೇ ಜಿಂಕೆ ಬೇಟೆಗೆ ತಂದಿದ್ದೇನೆ. ಇಲ್ಲಿನ ಬಂದೂಕಿನಂಗಡಿಯ ಓರ್ವಿಲ್ ಹಗುರ ಗುಂಡಿನ ತೋಟಾ ಮುಂದಿಟ್ಟು, "ಹೆಂಗಸ್ರ ಕೈಗೆ ಇಷ್ಟು ಸಾಕು ಕಣಮ್ಮ," ಎಂದು ನಕ್ಕ.
"ಸಾಕಾಗ್ಬೇಕಾದ್ದು ಜಿಂಕೆಗೆ ಕಣಯ್ಯಾ. ಭಾರದ್ದೂ ಕೊಡು, ಎರಡನ್ನೂ ಹೊಡೆದು ನೋಡ್ತೀನಿ," ಎಂದೆ.
ಅಂಗಡಿಯ ಹಿಂದಿನ ಬಯಲಲ್ಲಿ ಐವತ್ತು ಗಜ ದೂರ ನಿಲ್ಲಿಸಿದ ಗುರಿಕಾಗದದ ಮೇಲೆ ಹಗುರದವು ಚೆಲ್ಲಾಪಿಲ್ಲಿಯಾದವು. ಭಾರದವು ಐದೂ ಅಂಗೈಯಗಲದೊಳಗೆ ಕೂತವು. ಓರ್ವಿಲ್ ಕಾಗದವನ್ನು ತಿರುಗಿಸಿ ನೋಡಿ, ಭಾರದ ತೋಟಾಗಳನ್ನೇ ಕಟ್ಟಿಕೊಟ್ಟ. ಇಂದು ಬೆಳಿಗ್ಗೆ ಒಂದೇ ಗುಂಡಿಗೆ ಗಂಡು ಜಿಂಕೆ ಬಿತ್ತು. ಮಣಿಕಟ್ಟು ಊದಿದೆ, ಭುಜಕ್ಕೇನೂ ಆಗಿಲ್ಲ.
"ಬೇಟೆ ಬಿಟ್ಟು ಅಡುಗೆಮನೆ ನೋಡ್ಕೋ" ಎಂದಿದ್ದರಲ್ಲ ಭಾವ, ಅವರಿಗೆ ಹೇಳು: ಮಾಂಸ ನಾನು ತರುತ್ತೇನೆ, ಬೇಯಿಸುವುದು ಅವರು.
ವರ್ನಾ