ಕೋಸ್ಟರಿಗೆ ಇಟ್ಟ ಬೊಟ್ಟು

ಜುಲೈ 14, ಸೋಮವಾರ. ಸಂಜೆ, ಸ್ಟಾಫ್ ಬಸ್ಸಿನಲ್ಲಿ

ಇವತ್ತೂ ಹಡಗು. ಹನ್ನೊಂದು ವರ್ಷದಿಂದ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಅದೇ ತೂಗುವ ಹಡಗು, ಅದೇ ಎರಡು ಬಟನ್, ಅದೇ ಕಿರುಚಾಟ. ಮೂವತ್ತೆರಡು ರೌಂಡ್. ಎರಡು ವಾಂತಿ.

ಊಟದ ಹೊತ್ತಿಗೆ ಹೊಸ ರೋಲರ್ ಕೋಸ್ಟರಿನ ಶೆಡ್ಡಿಗೆ ಹೋಗಿ ಇಣುಕಿದೆ. ಒಳಗೆ ಕಗ್ಗತ್ತಲು. ಬಂಡಿ ಹಳಿ ಮೇಲೆ ಓಡುತ್ತದೆ, ಓಡುತ್ತಲೇ ಬುಗುರಿ ಥರ ತಿರುಗುತ್ತದೆ. ಮರಳು ಮೂಟೆ ಕೂರಿಸಿ ಟ್ರಯಲ್ ಮಾಡುತ್ತಿದ್ದರು. ಆ ಮೂಟೆಗಳನ್ನು ನೋಡಿದರೂ ನನಗೆ ಹೊಟ್ಟೆಕಿಚ್ಚು.

ಆಷಾಢ ಕಳೆದ ಮೇಲೆ ಪೂಜೆ. ಆಗಸ್ಟ್ 15ಕ್ಕೆ ಓಪನಿಂಗ್. ಅದನ್ನು ಓಡಿಸುವ ಪ್ಯಾನೆಲ್‌ನಲ್ಲಿ ಯಾರು ಅಂತ ಬುಧವಾರ ಲಿಸ್ಟ್ ಹಾಕುತ್ತಾರೆ. ಇನ್ಯಾರು? ಸೀನಿಯರ್ ನಾನೇ. ಪಕ್ಕದ ಮನೆ ಶಿವಗಂಗಮ್ಮನವರಿಗೆ ಹೇಳಿಯೂಬಿಟ್ಟೆ. ಅವರಿಗೆ ಹೇಳಿದರೆ ಇಡೀ ಗೋವಿಂದರಾಜನಗರಕ್ಕೆ ಹೇಳಿದ ಹಾಗೆ.

ಜುಲೈ 16, ಬುಧವಾರ

ಅಪೂರ್ವ.

ಲೀಡ್ ಆಪರೇಟರ್ — ಅಪೂರ್ವ. ಲಿಸ್ಟನ್ನು ಕೆಳಗಿನಿಂದ ಮೇಲಕ್ಕೂ ಓದಿದೆ. ನನ್ನ ಹೆಸರು ಎಲ್ಲೂ ಇಲ್ಲ.

ಎರಡು ವರ್ಷದ ಹಿಂದೆ ಲಗ್ಗೆರೆಯಿಂದ ಬಂದ ಹುಡುಗಿ. ಡಿಪ್ಲೊಮಾ. ಸೀಟಿನ ಬಾರ್ ಹೇಗೆ ಎಳೆದು ನೋಡಬೇಕು, ಕುಡಿದು ಬಂದವನನ್ನು ಹೇಗೆ ಸಾಗಹಾಕಬೇಕು, ಎಲ್ಲ ಕಲಿಸಿದ್ದು ನಾನು. ನನ್ನ ಡಬ್ಬಿಯ ಚಿತ್ರಾನ್ನ ಎಷ್ಟು ದಿನ ತಿಂದಿಲ್ಲ ಅವಳು!

ನಾಗಭೂಷಣ್ ಸಾರ್ ನಮ್ಮ ಸೂಪರ್‌ವೈಸರ್. ನೇರವಾಗಿ ಹೋಗಿ ಕೇಳಿದೆ.

"ಇದೆಲ್ಲ ಕಂಪ್ಯೂಟರ್ ಶಶಿಕಲಾ. ಮ್ಯಾನುಯಲ್ ಇಂಗ್ಲಿಷಲ್ಲಿದೆ. ನಿಮಗ್ಯಾಕೆ ಆ ತಲೆನೋವು? ಹಡಗು ನಿಮ್ಮ ಕೈಲಿದ್ರೆ ನಂಗೆ ನಿಶ್ಚಿಂತೆ."

ನಿಶ್ಚಿಂತೆಯಂತೆ! ಅವರಿಗೆ ನಿಶ್ಚಿಂತೆ, ನನಗೆ ಸಾಯುವವರೆಗೂ ಹಡಗು.

ಹೊರಗೆ ಬಂದರೆ ಅವಳೇ ಓಡಿ ಬಂದಳು. "ಅಕ್ಕಾ, ಭಯ ಆಗ್ತಿದೆ. ನೀವಿಲ್ದೆ ಹೆಂಗ್ ಮಾಡ್ಲಿ ನಾನು?"

"ಒಳ್ಳೇದಾಗ್ಲಿ ಕಣೇ" ಅಂದೆ. ಬಾಯಿ ಅಂದಿತು ಅಷ್ಟೇ.

ಜುಲೈ 17. ಬೆಳಿಗ್ಗೆ 6.20

ಶಿವಗಂಗಮ್ಮ ರಂಗೋಲಿ ಬಿಡುತ್ತಲೇ ಕೇಳಿದರು, "ಏನ್ ಶಶಿ, ಸಿಕ್ತಾ ಹೊಸ ಮಿಷಿನ್ನು?"

"ಆಷಾಢ ಅಲ್ವಾ, ಇನ್ನೂ ಹೇಳಿಲ್ಲ."

ಸುಳ್ಳು. ಬೆಳಿಗ್ಗೆ ಬೆಳಿಗ್ಗೆಯೇ.

ಜುಲೈ 25, ಶುಕ್ರವಾರ

ಎಂಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಅವಳ ಹೆಸರೇ ಬರುತ್ತದೆ.

ಅವಳಿಗೆ ಕಪ್ಪು ಟೀ ಶರ್ಟ್, ಸೊಂಟಕ್ಕೆ ವಾಕಿಟಾಕಿ. ನನ್ನದು ಅದೇ ಬಣ್ಣ ಬಿಟ್ಟ ಹಳದಿ. ಕ್ಯಾಂಟೀನಿನಲ್ಲಿ ಪಕ್ಕ ಬಂದು ಕೂತು ಪಾಠ ಶುರು ಮಾಡಿದಳು. "ಅಕ್ಕಾ, ಹಳಿ ಪಕ್ಕ ಚಿಕ್ ಚಿಕ್ಕ ಕಣ್ಣಿದಾವೆ. ಸೆನ್ಸರ್. ಬಂಡಿ ಬಂದಿದ್ದನ್ನ ನೋಡಿ ಪ್ಯಾನೆಲ್‌ಗೆ ಹೇಳ್ತವೆ. ಕಾಣ್ಲಿಲ್ಲ ಅಂದ್ರೆ ಬ್ರೇಕು ಗಪ್ ಅಂತ ಹಿಡ್ಕೊಂಡ್ಬಿಡುತ್ತೆ, ಸೇಫ್ಟಿಗೆ." ಸಾರು ಅನ್ನ ಅರ್ಧಕ್ಕೇ ಬಿಟ್ಟು ಎದ್ದೆ.

ಮನೆಗೆ ಬಂದು ಅಪೂರ್ವ ಅಪೂರ್ವ ಅಂತ ಗೊಣಗುತ್ತಾ ಪಾತ್ರೆ ಕುಕ್ಕುತ್ತಿದ್ದೆ. ಮಗಳು ಧನ್ಯಶ್ರೀ ಪುಸ್ತಕದಿಂದ ತಲೆ ಎತ್ತಿ ಕೇಳಿದಳು, "ಆ ಅಕ್ಕ ನಿಂಗೇನಮ್ಮ ಮಾಡಿದ್ರು?"

ಏನೂ ಮಾಡಿಲ್ಲ. ಅದೇ ಕಷ್ಟ. ಏನಾದರೂ ಮಾಡಿದ್ದರೆ ಬಾಯಿ ತುಂಬ ಬೈಯಬಹುದಿತ್ತು.

ಆಗಸ್ಟ್ 1, ಶುಕ್ರವಾರ. ಸಂಜೆ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಕೋಸ್ಟರಿಗೆ ಪೂಜೆ. ನಾಗಭೂಷಣ್ ಸಾರ್ ಕರೆದು, "ಅರಿಶಿನ ಕುಂಕುಮ ನೀವೇ ಇಡಿ" ಅಂದರು. ಆಶ್ಚರ್ಯ. ಧನ್ಯಳ ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅದಕ್ಕೆ ಮುಂಚೆ ಪ್ರತಿ ಆಯುಧಪೂಜೆಗೂ ತಟ್ಟೆ ನನ್ನ ಕೈಯಲ್ಲೇ ಇರುತ್ತಿತ್ತು. ಆಮೇಲೆ ಯಾರೂ ಬೇಡ ಅನ್ನಲಿಲ್ಲ, ತಟ್ಟೆ ಮಾತ್ರ ಬೇರೆಯವರ ಕೈಗೆ ಹೋಯಿತು. ಇವತ್ತು ವಾಪಸ್ ಬಂದಿತ್ತು. ಖುಷಿಪಡಬೇಕಿತ್ತು. ತಲೆಯಲ್ಲಿ ಒಂದೇ ಕೊರೆತ — ಅವಳಿಗೆ ಪ್ಯಾನೆಲ್, ನನಗೆ ಪೂಜೆ ಕೆಲಸ.

ಬಂಡಿಗೆ ಇಟ್ಟೆ, ಪ್ಯಾನೆಲ್‌ಗೆ ಇಟ್ಟೆ, ಚಕ್ರದ ಕೆಳಗೆ ನಿಂಬೆಹಣ್ಣು. ಮೆಟ್ಟಿಲು ಹತ್ತಿ ಹಳಿಯ ಮಧ್ಯದಲ್ಲಿರುವ ಬ್ರೇಕಿನವರೆಗೂ ಹೋದೆ. ಅವಳೂ ಜೊತೆಗೆ. ಹಳಿ ಪಕ್ಕ ಸೆನ್ಸರಿನ ಪುಟ್ಟ ಗಾಜು.

"ಅಕ್ಕಾ, ಅದೊಂದಕ್ಕೆ ಬೇಡ."

ಅಷ್ಟೇ ಅಂದಿದ್ದು. ಮೈಯೆಲ್ಲ ಉರಿಯಿತು. ಪೂಜೆಯಲ್ಲೂ ಇವಳದೇ ರೂಲಾ? ಯಾರೋ ಕರೆದರು ಅಂತ ಅವಳು ಕೆಳಗಿಳಿದಳು. ಆ ಗಾಜಿಗೆ ಗಂಧ ಬಳಿದೆ. ಮೇಲೆ ಕುಂಕುಮ, ದಪ್ಪಗೆ. ಏನಾಗುತ್ತದೆ ಅಂತ ಗೊತ್ತಿತ್ತಾ? ಗೊತ್ತಿತ್ತು. ಎಲ್ಲರೆದುರು ಅವಳ ಬಂಡಿ ನಿಲ್ಲಬೇಕು, ಮುಖ ಸಣ್ಣದಾಗಬೇಕು. ಅಷ್ಟೇ ಬೇಕಿತ್ತು ನನಗೆ.

ಪೂಜೆ ಆದಮೇಲಿನ ಮೊದಲ ರೌಂಡಿನಲ್ಲೇ ನಿಂತಿತು. ಮಾಲೀಕರ ಮನೆಯವರು ಹನ್ನೆರಡು ಜನ, ಕತ್ತಲಲ್ಲಿ, ನಲವತ್ತು ನಿಮಿಷ. ಟಾರ್ಚ್ ಹಿಡಿದು ಒಬ್ಬೊಬ್ಬರನ್ನೇ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಒಂದು ಮಗು ಅತ್ತೂ ಅತ್ತೂ ಬಿಕ್ಕಳಿಸುತ್ತಿತ್ತು.

ಥೂ ನನ್ನ ಜನ್ಮಕ್ಕೆ.

ಆಗಸ್ಟ್ 6, ಬುಧವಾರ

ಎನ್‌ಕ್ವೈರಿ ಮುಗಿಯಿತು. ಬೊಟ್ಟು ಇಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ. "ಪೂಜೆ ಅಂದ್ಮೇಲೆ ಕುಂಕುಮ ಬಿದ್ದೇ ಬೀಳುತ್ತೆ. ಬಂಡಿ ಬಿಡೋಕ್ ಮುಂಚೆ ನೋಡ್ಬೇಕಾದ್ದು ಆಪರೇಟರ್" ಅಂದರು ನಾಗಭೂಷಣ್ ಸಾರ್. ಚೆಕ್‌ಲಿಸ್ಟಿನಲ್ಲಿ ಅವಳ ಸಹಿ ಇತ್ತು.

"ನೋಡ್ಲಿಲ್ಲ ಸಾರ್. ನಂದೇ ತಪ್ಪು" ಅಂದಳು.

ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಅವಳನ್ನು ಕೆಲಸದಿಂದ ತೆಗೆದರು.

ಲೀಡ್ ಆಪರೇಟರ್ ಈಗ ಶಶಿಕಲಾ.

ಆಗಸ್ಟ್ 10, ಭಾನುವಾರ

ಕಂಪ್ಯೂಟರ್ ಕಂಪ್ಯೂಟರ್ ಅಂತ ಹೆದರಿಸಿದ್ದರಲ್ಲ, ನಾಲ್ಕು ದಿನಕ್ಕೆ ಬಂತು. ಇಂಜಿನಿಯರ್ ಕನ್ನಡದಲ್ಲೇ ಹೇಳಿಕೊಟ್ಟ. ಬಂಡಿ ಕತ್ತಲೊಳಗೆ ಹೋಗಿ ತಿರುಗಿಕೊಂಡು ವಾಪಸ್ ಬಂದಾಗ ಎದೆ ಹಿಗ್ಗಿತು. ಸುಳ್ಳು ಯಾಕೆ ಬರೆಯಲಿ, ಹಿಗ್ಗಿತು.

ಆದರೆ ಏನಾದರೂ ಕೇಳಿದರೆ ಇಂಜಿನಿಯರ್ ಅನ್ನುತ್ತಾನೆ, "ಅಪೂರ್ವ ಮೇಡಂ ಇದನ್ನ ಬರ್ದಿಟ್ಟಿದಾರೆ ನೋಡಿ." ಇಲ್ಲದ ಮೇಲೂ ಅವಳದೇ ಜಪ. ನನಗೂ ಅದೇ ಹಳೇ ಉರಿ.

ಆಗಸ್ಟ್ 14, ಗುರುವಾರ. ಸಂಜೆ 5.30, ಕೆಂಗೇರಿ

ಅಪೂರ್ವ ಕೆಲಸದಿಂದ ತೆಗೆದ ಲೆಟರ್ ತೆಗೆದುಕೊಳ್ಳಲು ಪಾರ್ಕಿಗೆ ಬಂದಿದ್ದಳು. ವಾಪಸ್ ಹೋಗುವಾಗ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಟೀ ಕೊಡಿಸಿದಳು. ಅವಳೇ ಕೊಡಿಸಿದಳು!

"ಅಕ್ಕಾ, ನಿಮಗೊಬ್ರಿಗೆ ನಿಜ ಹೇಳ್ತೀನಿ. ಬಂಡಿ ಬಿಡೋಕ್ ಮುಂಚೆ ಆ ಬೊಟ್ಟು ನಾನು ನೋಡಿದ್ದೆ."

ಗ್ಲಾಸು ಕೆಳಗಿಟ್ಟೆ.

"ಒರೆಸೋಕೆ ಕರ್ಚೀಫೂ ತೆಗ್ದೆ. ಮನಸ್ಸು ಬರ್ಲಿಲ್ಲ. ತಟ್ಟೆ ನಿಮ್ಮ ಕೈಗೇ ಕೊಡ್ಬೇಕು ಅಂತ ಸಾರ್ ಹತ್ರ ಜಗಳ ಆಡಿದ್ದು ನಾನು. ಅವ್ರು ಬೇಡ ಅಂದಿದ್ರು. ನಾಲ್ಕು ವರ್ಷ ಆದ್ಮೇಲೆ ನೀವು ಇಟ್ಟ ಬೊಟ್ಟನ್ನ ನಾನೇ ಒರೆಸಿದ್ರೆ ನಿಮಗೆ ಹೆಂಗಾಗ್ಬೇಡ? ಒಂದು ರೌಂಡ್ ತಾನೇ, ಸೆನ್ಸರಿಗೆ ಹೆಂಗೋ ಕಾಣುತ್ತೆ ಅನ್ಕೊಂಡ್ಬಿಟ್ಟೆ. ನಾನು ಬೇಡ ಅಂದಿದ್ದು ನಿಮಗೆ ಕೇಳಿಸಿರಲ್ಲ ಬಿಡಿ, ಅಲ್ಲಿ ಅಷ್ಟು ಗಲಾಟೆ."

"ನಾನಿಟ್ಟಿದ್ದು ಅಂತ ಹೇಳ್ಬೋದಿತ್ತಲ್ಲೇ."

"ಹೇಳಿದ್ರೆ ಏನಂತಾರೆ ಗೊತ್ತಲ್ವಾ ಅಕ್ಕಾ? ಗಂಡ ಇಲ್ದೋಳು ಇಟ್ಟಿದ್ದಕ್ಕೇ ನಿಂತೋಯ್ತು ಅಂತಾರೆ. ಇನ್ನೊಂದ್ಸಲ ತಟ್ಟೆ ಕೊಡ್ತಾರಾ ನಿಮಗೆ?"

ಪೀಣ್ಯ ಕಡೆ ಬಸ್ ಬಂತು. ಹತ್ತಿ ಹೋದಳು. ಕಿಟಕಿಯಿಂದ ಕೈ ಬೀಸಿದಳು.

ನನಗೆ ಈಗಲೂ ಹೊಟ್ಟೆಕಿಚ್ಚೇ. ಕೆಲಸ ಅವಳಿಂದ ಕಿತ್ತುಕೊಂಡೆ. ಅವಳ ಈ ಒಳ್ಳೆಯತನ ಎಲ್ಲಿಂದ ತರಲಿ ನಾನು?

ಆಗಸ್ಟ್ 15. ಬೆಳಿಗ್ಗೆ 9.10, ಪ್ಯಾನೆಲ್ ಮುಂದೆ

ಗೇಟಿನ ಹೊರಗೆ ಕ್ಯೂ. ಮೊದಲಲ್ಲೇ ಧನ್ಯಶ್ರೀ, ಶಿವಗಂಗಮ್ಮ. ನನ್ನನ್ನು ನೋಡಲೆಂದೇ ಬಂದಿದ್ದಾರೆ.

ಏಳು ಗಂಟೆಗೆ ಅಪೂರ್ವಗೆ ಫೋನ್ ಮಾಡಿದೆ. "ಹತ್ತಕ್ಕೆ ಪಾರ್ಕಿಗೆ ಬಾ."

"ಯಾಕಕ್ಕಾ?"

"ಬಾ ಅಂದ್ರೆ ಬಾ ಕಣೇ."

ನಾಗಭೂಷಣ್ ಸಾರ್‌ಗೆ ಹೇಳಬೇಕಾದ್ದನ್ನು ಇಲ್ಲೇ ಬರೆದು ನೋಡುತ್ತೇನೆ. ಬಾಯಿ ತಡವರಿಸಬಾರದು. ಸಾರ್, ಅವಳು ಬೇಡ ಅಂದಿದ್ದಳು. ನನಗೆ ಚೆನ್ನಾಗಿ ಕೇಳಿಸಿತ್ತು. ಬೇಕು ಅಂತಲೇ ಇಟ್ಟೆ. ಗಂಡ ಇಲ್ಲದವಳು ಇಟ್ಟಿದ್ದಕ್ಕೆ ನಿಂತಿದ್ದಲ್ಲ ಸಾರ್, ಹೊಟ್ಟೆಕಿಚ್ಚಿನವಳು ಇಟ್ಟಿದ್ದಕ್ಕೆ.

ಸಾರ್ ಮೆಟ್ಟಿಲು ಹತ್ತುತ್ತಿದ್ದಾರೆ. ಒಬ್ಬರೇ ಅಲ್ಲ, ಮಾಲೀಕರೂ ಜೊತೆಗಿದ್ದಾರೆ. ಇರಲಿ. ಇಬ್ಬರಿಗೂ ಒಟ್ಟಿಗೇ —