ವಿಮಾನದ ಅರ್ಜಿಯಲ್ಲಿ ಇಲ್ಲದ ಹೆಸರು

ರೀ,

ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಫ್ರಿಜ್ಜಿನಲ್ಲಿರುವ ಬಿಳಿ ಡಬ್ಬಿಯಲ್ಲಿರುವುದು ವಿಮಾನದ ರೆಕ್ಕೆಯ ತುದಿಗೆ ಹಚ್ಚುವ ಅಂಟು, ಬೆಣ್ಣೆಯಲ್ಲ. ವಿಮಾನ ನಿಲ್ಲಿಸಿರುವ ಹ್ಯಾಂಗರಿನ ಸೆಕೆಗೆ ಗಟ್ಟಿಯಾಗುತ್ತದೆಂದು ಅದನ್ನು ಅಲ್ಲಿಟ್ಟವರು ನೀವೇ. ಮೊನ್ನೆಯಂತೆ ಬ್ರೆಡ್ಡಿಗೆ ಸವರಲು ಹೊರಡಬೇಡಿ.

ನಮ್ಮ ವಿಮಾನಕ್ಕೆ ಹಾರುವ ಪರವಾನಗಿ ಕೊಡಲು ನಾಲ್ಕು ಗಂಟೆಗೆ ಬರುವ ತಪಾಸಣೆಯ ಅಧಿಕಾರಿಗೆಂದು ನೀವು ತುಂಬಿಸಿಟ್ಟ ಅರ್ಜಿಯನ್ನು ಓದಿದೆ. ವಿಮಾನ ಕಟ್ಟಿದವರು ನೀವೊಬ್ಬರೇ ಅಂತೆ. ಉಪಕರಣಗಳ ಪಟ್ಟಿಯಲ್ಲಿ ಸುತ್ತಿಗೆ ಇದೆ, ಡ್ರಿಲ್ ಇದೆ, ನಮ್ಮ ಮನೆಯ ಟೇಬಲ್ ಫ್ಯಾನೂ ಇದೆ. ನಾನು ಮಾತ್ರ ಎಲ್ಲೂ ಇಲ್ಲ!

"ನೀನು ಸಣ್ಣಗಿದ್ದೀಯ ಕಣೇ, ನೀನೇ ತೂರಿಕೋ" ಅಂತ ಪುಸಲಾಯಿಸಿ ಎರಡು ಬೇಸಿಗೆ ನನ್ನನ್ನು ವಿಮಾನದ ಬಾಲದೊಳಗೆ ಮಲಗಿಸಿದಿರಿ. ನೀವು ಹೊರಗೆ ಫ್ಯಾನಿನ ಮುಂದೆ ನಿಂತು ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆದಿರಿ. ಒಳಗೆ, ಕಾದ ಬಾಣಲೆಯಂಥ ತಗಡಿನಲ್ಲಿ, ಪ್ರತಿ ಹೊಡೆತಕ್ಕೂ ರಿವೆಟ್ಟಿನ ಹಿಂಬದಿಗೆ ಕಬ್ಬಿಣದ ತುಂಡನ್ನು ಒತ್ತಿಹಿಡಿದವಳು ನಾನು. ಹಿಡಿಯದಿದ್ದರೆ ಒಂದು ರಿವೆಟ್ಟಾದರೂ ಕೂರುತ್ತಿತ್ತೇ? ಬೆಂದದ್ದು ನನ್ನ ಮೈ, ಹೆಸರು ಮಾತ್ರ ನಿಮ್ಮದು. ಈ ದಬ್ಬಾಳಿಕೆ ಇನ್ನು ನಡೆಯುವುದಿಲ್ಲ.

ಅರ್ಜಿ ಹಿಡಿದು ಹ್ಯಾಂಗರಿಗೆ ಹೋಗಿದ್ದೇನೆ. ಅದರ ಎರಡೂ ಬೀಗದಕೈ ನನ್ನ ಹತ್ತಿರ ಇವೆ. ಪೆನ್ನು ತನ್ನಿ. ನನ್ನ ಹೆಸರನ್ನು ನಿಮ್ಮ ಹೆಸರಿನ ಪಕ್ಕದಲ್ಲೇ ಬರೆಯಬೇಕು, ಕೆಳಗಲ್ಲ. ಅಲ್ಲಿಯವರೆಗೆ ಅಧಿಕಾರಿ ಬಂದು ತಟ್ಟಿದರೂ ಬಾಗಿಲು ತೆಗೆಯುವುದಿಲ್ಲ.

ಇಂತಿ,
ವಿಮಾನ ಕಟ್ಟಿದವಳು